ಡೇರಿಯ ಕಂಪ್ಯೂಟರು ಯಂತ್ರವನ್ನು ಒಪ್ಪದಿದ್ದರೆ: ಡ್ರೈವರಿನ ಸಹಿಯ ತೊಡಕು ಮತ್ತು ಪರಿಹಾರ



ಈಗ ಅನೇಕ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡು, ಜಿಡ್ಡೇತರ ಘನಾಂಶ ಇವುಗಳನ್ನು ಯಂತ್ರವೇ ಅಳೆದು ಕಂಪ್ಯೂಟರಿಗೆ ಕಳುಹಿಸುತ್ತದೆ. ಕಂಪ್ಯೂಟರು ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಆ ಚೀಟಿಯ ಅಂಕಿಗಳೇ ನಿಮ್ಮ ಬಟವಾಡೆಗೆ ಆಧಾರ. ನಡುವೆ ಮನುಷ್ಯರ ಕೈ ಇಲ್ಲದಿರುವುದರಿಂದ ಹೆಚ್ಚುಕಡಿಮೆಯ ಮಾತಿಗೆ ಎಡೆಯಿಲ್ಲ.

ಆದರೆ ಒಂದು ದಿನ ಬೆಳಿಗ್ಗೆ ಕಂಪ್ಯೂಟರು ಯಂತ್ರದ ಮಾತನ್ನು ಕೇಳದೆ ಕೂರುತ್ತದೆ. "ಈ ಸಾಧನದ ಡ್ರೈವರಿನ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಆಗಲಿಲ್ಲ" ಎಂಬ ಅರ್ಥದ ಮಾತು ತೆರೆಯ ಮೇಲೆ ಬರುತ್ತದೆ. ಹೊರಗೆ ಕ್ಯಾನು ಹಿಡಿದವರ ಸಾಲು ಬೆಳೆಯುತ್ತದೆ. ಆಗ ಅಂಕಿಯನ್ನು ಕೈಯಿಂದ ತುಂಬಿಸಲು ಆರಂಭವಾಗುತ್ತದೆ. 4.1 ಇದ್ದದ್ದು ಅವಸರದಲ್ಲಿ 3.1 ಆದರೆ ನಷ್ಟ ಯಾರಿಗೆ? ಹಸು ಕಟ್ಟಿದವನಿಗೆ. ಇನ್ನು ಕೆಲವು ಕಡೆ, ತಿಳಿದವನೆಂದು ಹೇಳಿಕೊಳ್ಳುವ ಹುಡುಗನೊಬ್ಬ ಎಲ್ಲಿಂದಲೋ ಒಂದು ಡ್ರೈವರನ್ನು ಇಳಿಸಿ, ಸಹಿಯ ಕಾವಲನ್ನೇ ತೆಗೆದುಹಾಕಿ, "ಸರಿಹೋಯಿತು" ಎಂದು ಹೋಗುತ್ತಾನೆ. ಇದು ಮೊದಲನೆಯದಕ್ಕಿಂತ ದೊಡ್ಡ ಅಪಾಯ. ಎಲ್ಲ ಸದಸ್ಯರ ಬ್ಯಾಂಕ್ ಖಾತೆಯ ವಿವರಗಳು ಅದೇ ಕಂಪ್ಯೂಟರಿನಲ್ಲಿರುತ್ತವೆ.

ಆದುದರಿಂದ ಈ ತೊಡಕು ಏನು, ಏಕೆ ಬರುತ್ತದೆ, ಹೇಗೆ ಬಿಡಿಸಬೇಕು ಎಂಬುದನ್ನು ಕಾರ್ಯದರ್ಶಿಗಳೂ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ಡ್ರೈವರು ಎಂದರೇನು?

ಇದು ಬಸ್ಸು ಓಡಿಸುವ ಡ್ರೈವರಲ್ಲ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ದುಭಾಷಿ. ಹಾಲು ಪರೀಕ್ಷೆಯ ಅನೇಕ ಯಂತ್ರಗಳಲ್ಲಿ ಹಳೆಯ ಕಾಲದ 9 ಮುಳ್ಳಿನ ಸೀರಿಯಲ್ ಕಿಂಡಿ ಇರುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಯುಎಸ್‌ಬಿ ಕಿಂಡಿ ಮಾತ್ರ. ಎರಡನ್ನೂ ಕೂಡಿಸಲು ನಡುವೆ ಒಂದು ಕೇಬಲ್ ಹಾಕುತ್ತೇವೆ. ಆ ಕೇಬಲ್ಲಿನ ತಲೆಯೊಳಗೆ ಒಂದು ಚಿಪ್ಪು ಇದೆ. ಆ ಚಿಪ್ಪಿನ ಭಾಷೆಯನ್ನು ವಿಂಡೋಸಿಗೆ ತಿಳಿಸುವ ಪುಟ್ಟ ಪ್ರೋಗ್ರಾಮೇ ಡ್ರೈವರು.

ಇಂಥ ಡ್ರೈವರು ಕಂಪ್ಯೂಟರಿನ ಅತಿ ಒಳಗಿನ ಭಾಗವಾದ ಕರ್ನೆಲ್ಲಿನಲ್ಲಿ ಕೆಲಸ ಮಾಡುತ್ತದೆ. ಜಗುಲಿಯ ಮೇಲೆ ಕುಳಿತು ಹೋಗುವ ನೆಂಟನಂತಲ್ಲ, ಕಣಜದ ಬೀಗದ ಕೈ ಪಡೆದ ಆಳಿನಂತೆ. ಆಳು ಒಳ್ಳೆಯವನಾದರೆ ಸರಿ. ಕೆಟ್ಟವನಾದರೆ ಏನು ಬೇಕಾದರೂ ಹೊತ್ತು ಹೋಗಬಹುದು.

ಸಹಿ ಏಕೆ ಬೇಕು?

ನೀವು ಬಿತ್ತನೆ ಬೀಜ ಕೊಳ್ಳುವಾಗ ಏನು ನೋಡುತ್ತೀರಿ? ಮೂಲ ಬೀಜಕ್ಕೆ ಬಿಳಿ ಚೀಟಿ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಚೀಟಿಯಲ್ಲಿ ತಳಿ, ತಂಡದ ಸಂಖ್ಯೆ, ಅವಧಿ ಬರೆದಿರುತ್ತದೆ. ಚೀಲದ ಬಾಯಿಗೆ ಮೊಹರು ಇರುತ್ತದೆ. ಹೊಲಿಗೆ ಬಿಚ್ಚಿದ್ದರೆ, ಒಳಗೆ ಒಳ್ಳೆಯ ಬೀಜವೇ ಇದ್ದರೂ ನೀವು ನಂಬುವುದಿಲ್ಲ.

ಡ್ರೈವರಿನ ಡಿಜಿಟಲ್ ಸಹಿ ಇದೇ ಕೆಲಸ ಮಾಡುತ್ತದೆ. ತಯಾರಕನು ತನ್ನ ಕಡತಗಳಿಂದ ಒಂದು ಬೆರಳಚ್ಚನ್ನು ಲೆಕ್ಕ ಹಾಕಿ ತೆಗೆಯುತ್ತಾನೆ. ಈಗ ಬಳಕೆಯಲ್ಲಿರುವ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಈ ಬೆರಳಚ್ಚನ್ನು 64 ಅಕ್ಷರ-ಅಂಕಿಗಳಲ್ಲಿ ಬರೆಯುತ್ತಾರೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಈ ಬೆರಳಚ್ಚುಗಳ ಪಟ್ಟಿ ಕ್ಯಾಟಲಾಗ್ ಎಂಬ ಕಡತದಲ್ಲಿರುತ್ತದೆ. ಅದರ ಹೆಸರಿನ ಕೊನೆಗೆ 'ಕ್ಯಾಟ್' ಎಂದಿರುತ್ತದೆ. ಗುಟ್ಟಿನ ಕೀಲಿಯಿಂದ ಆ ಪಟ್ಟಿಗೆ ಮೊಹರು ಹಾಕುತ್ತಾರೆ. ಮೊಹರು ಸರಿಯೇ ಎಂದು ನೋಡುವ ಬಹಿರಂಗ ಕೀಲಿ ಎಲ್ಲರಿಗೂ ಸಿಗುತ್ತದೆ. ವಿಂಡೋಸ್ ಎರಡನ್ನು ಪರೀಕ್ಷಿಸುತ್ತದೆ: ಮೊಹರು ಹಾಕಿದವರು ಯಾರು? ಹಾಕಿದ ಮೇಲೆ ಒಳಗಿನದು ಬದಲಾಗಿದೆಯೇ?

64 ಬಿಟ್ಟಿನ ವಿಂಡೋಸ್ ವಿಸ್ತಾದ ಕಾಲದಿಂದ, ಅಂದರೆ 2007ರಿಂದ, ಕರ್ನೆಲ್ ಡ್ರೈವರುಗಳಿಗೆ ಸಹಿ ಕಡ್ಡಾಯವಾಯಿತು. 2016ರಲ್ಲಿ ಬಂದ ವಿಂಡೋಸ್ 10ರ 1607ನೆಯ ಆವೃತ್ತಿಯಿಂದ ನಿಯಮ ಇನ್ನೂ ಬಿಗಿಯಾಯಿತು. ಹೊಸ ಡ್ರೈವರುಗಳಿಗೆ ತಯಾರಕನ ಸಹಿಯೊಂದೇ ಸಾಲದು, ಮೈಕ್ರೋಸಾಫ್ಟಿನ ಸಹಿಯೂ ಬೇಕು.

ಕೆಲವರು ಕೇಳುವುದುಂಟು: "ಅಲ್ಲಾ ಸ್ವಾಮೀ, ಸಹಿ ಇದ್ದಮೇಲೆ ಕಣ್ಣು ಮುಚ್ಚಿ ನಂಬಬಹುದೇ?" ಹಾಗೂ ಇಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರು ಪಿಡುಗಿನ ಡ್ರೈವರುಗಳಿಗೆ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಎಂಬ ಎರಡು ಕಂಪೆನಿಗಳಿಂದ ಕದ್ದ ಕೀಲಿಗಳ ಸಹಿ ಇತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಸಹಿಯುಳ್ಳ ಡ್ರೈವರೇ ಒಂದು ದೋಷದ ಕಡತವನ್ನು ಓದಿ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ನೀಲಿ ಚೀಟಿ ಇದ್ದರೂ ಮಳೆ ಬರುತ್ತದೆಂಬ ಖಾತರಿ ಇಲ್ಲವಷ್ಟೆ. ಹಾಗೆಂದು ಚೀಟಿ ಇಲ್ಲದ ಬೀಜವನ್ನು ಯಾರೂ ಬಿತ್ತುವುದಿಲ್ಲ.

ಮೊದಲು ರೋಗವನ್ನು ಗುರುತಿಸಿ

ಎಲೆ ಹಳದಿಯಾದ ಕೂಡಲೆ ಔಷಧಿ ಹೊಡೆಯುವುದು ಜಾಣತನವಲ್ಲ. ಗೊಬ್ಬರದ ಕೊರತೆಯೋ, ನೀರು ನಿಂತದ್ದೋ, ಹುಳುವೋ ಎಂದು ನೋಡಬೇಕು. ಇಲ್ಲಿಯೂ ಹಾಗೆಯೇ.

ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಡಿವೈಸ್ ಮ್ಯಾನೇಜರ್' ಆರಿಸಿ. ತೊಂದರೆಯ ಸಾಧನದ ಪಕ್ಕದಲ್ಲಿ ಹಳದಿ ತ್ರಿಕೋನ ಕಾಣುವುದು. ಅದನ್ನು ಎರಡು ಬಾರಿ ಒತ್ತಿದರೆ 'ಡಿವೈಸ್ ಸ್ಟೇಟಸ್' ಎಂಬಲ್ಲಿ ಒಂದು ಕೋಡ್ ಸಂಖ್ಯೆ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಕೋಡ್ 52: ಸಹಿ ಪರೀಕ್ಷೆಯಲ್ಲಿ ಡ್ರೈವರು ತೇರ್ಗಡೆಯಾಗಿಲ್ಲ. ಇದೇ ನಮ್ಮ ವಿಷಯ.

ಕೋಡ್ 28: ಡ್ರೈವರನ್ನು ಹಾಕಿಯೇ ಇಲ್ಲ.

ಕೋಡ್ 10: ಸಾಧನವು ಆರಂಭವಾಗಲಿಲ್ಲ. ಹಳೆಯ ಅಥವಾ ನಕಲಿ ಚಿಪ್ಪಿನ ಕೇಬಲ್ಲಿನಲ್ಲಿ ಹೀಗಾಗುವುದುಂಟು.

ಕೋಡ್ 39: ಡ್ರೈವರು ಕೆಟ್ಟಿದೆ, ಇಲ್ಲವೆ 'ಮೆಮೊರಿ ಇಂಟಿಗ್ರಿಟಿ' ಎಂಬ ಕಾವಲು ಅದನ್ನು ತಡೆದಿರಬಹುದು.

ಕೋಡ್ 48: ತೊಂದರೆ ಕೊಡುತ್ತದೆಂದು ಗೊತ್ತಿರುವ ಡ್ರೈವರಾದ್ದರಿಂದ ವಿಂಡೋಸ್ ಅದನ್ನು ತಡೆದಿದೆ.

ಕೆಲವು ಪ್ರೊಲಿಫಿಕ್ ಕೇಬಲ್ಲುಗಳಲ್ಲಿ "2012ರಿಂದ ಈ ಚಿಪ್ಪು ನಿಂತುಹೋಗಿದೆ, ಮಾರಾಟಗಾರನನ್ನು ಕೇಳಿ" ಎಂಬ ಅರ್ಥದ ಸಾಲೇ ಕಾಣಿಸುತ್ತದೆ. ಅಲ್ಲಿ ಸಹಿಯ ತಪ್ಪೇನೂ ಇಲ್ಲ. ಕೇಬಲ್ಲನ್ನು ಬದಲಾಯಿಸುವುದೇ ಸುಲಭದ ದಾರಿ.

ಕೋಡ್ 52ಕ್ಕೆ ಚಿಕಿತ್ಸೆ

ಕೆಳಗಿನ ಕ್ರಮವನ್ನು ಒಂದಾದ ಮೇಲೊಂದರಂತೆ ಅನುಸರಿಸಿರಿ. ನಡುವೆ ಸರಿಹೋದರೆ ಅಲ್ಲಿಗೇ ನಿಲ್ಲಿಸಿರಿ.

1. ತಾರೀಖನ್ನು ನೋಡಿ. ಸಹಿಗೂ ಬೀಜದ ಚೀಟಿಯಂತೆ ಅವಧಿ ಉಂಟು. ಕಂಪ್ಯೂಟರಿನ ಗಡಿಯಾರ ಹಲವು ವರ್ಷ ಹಿಂದಿದ್ದರೆ ಸರಿಯಾದ ಸಹಿಯೂ "ಅವಧಿಯೊಳಗೆ ಇಲ್ಲ" ಎಂದು ತಿರಸ್ಕೃತವಾಗಬಹುದು. ಪ್ರತಿ ಬಾರಿ ಕರೆಂಟು ಹೋಗಿ ಬಂದಾಗ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ, ಒಳಗಿರುವ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಅನೇಕ ಮೇಜಿನ ಕಂಪ್ಯೂಟರುಗಳಲ್ಲಿ ಅದು ಸಿಆರ್ 2032 ಎಂಬ ಜಾತಿಯದು. ಹೊಸದು ಹಾಕಿಸಿ, ತಾರೀಖು ಸರಿಪಡಿಸಿ, ಮತ್ತೆ ಪ್ರಯತ್ನಿಸಿ.

2. ವಿಂಡೋಸ್ ಅಪ್‌ಡೇಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ 'ಅಡ್ವಾನ್ಸ್‌ಡ್ ಆಪ್ಶನ್ಸ್', ಅದರೊಳಗೆ 'ಆಪ್ಶನಲ್ ಅಪ್‌ಡೇಟ್ಸ್' ನೋಡಿದರೆ ಸಹಿಯುಳ್ಳ ಹೊಸ ಡ್ರೈವರು ಅಲ್ಲಿಯೇ ಸಿಗಬಹುದು. ಇನ್ನೂ ವಿಂಡೋಸ್ 7 ಇರುವ ಕಂಪ್ಯೂಟರಿಗೆ ಎಸ್‌ಎಚ್‌ಎ-2 ಸಹಿಯನ್ನು ಓದಲು ಬಾರದಿರಬಹುದು. 2019ರಲ್ಲಿ ಬಂದ ಕೆಬಿ 4474419 ಎಂಬ ತಿದ್ದುಪಡಿ ಅದನ್ನು ಕಲಿಸುತ್ತದೆ. ಆದರೆ ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೂ ಮುಗಿದಿವೆ. ಸಂಘದ ಹಣಕಾಸು ನಡೆಯುವ ಕಂಪ್ಯೂಟರನ್ನು ಹಾಗೆಯೇ ಮುಂದುವರಿಸುವುದು ಕ್ಷೇಮವಲ್ಲ.

3. ಚಿಪ್ಪಿನ ಕುಲವನ್ನು ತಿಳಿಯಿರಿ. ಡಿವೈಸ್ ಮ್ಯಾನೇಜರಿನಲ್ಲಿ 'ಡೀಟೇಲ್ಸ್' ಹಾಳೆಗೆ ಹೋಗಿ 'ಹಾರ್ಡ್‌ವೇರ್ ಐಡಿ' ಆರಿಸಿ. ವಿಐಡಿ ಎಂಬುದರ ಮುಂದೆ 067ಬಿ ಇದ್ದರೆ ಪ್ರೊಲಿಫಿಕ್, 0403 ಇದ್ದರೆ ಎಫ್‌ಟಿಡಿಐ, 1ಎ86 ಇದ್ದರೆ ಸಿಎಚ್ 340ರ ತಯಾರಕರು, 10ಸಿ4 ಇದ್ದರೆ ಸಿಲಿಕಾನ್ ಲ್ಯಾಬ್ಸ್. ಡ್ರೈವರನ್ನು ಆ ತಯಾರಕರ ಸ್ವಂತ ತಾಣದಿಂದ ಮಾತ್ರ ತರಿಸಿರಿ. "ಎಲ್ಲ ಡ್ರೈವರುಗಳೂ ಉಚಿತ" ಎಂದು ಕೂಗುವ ಸಂತೆಗೆ ಹೋಗಬೇಡಿ.

4. ಹಳೆಯದನ್ನು ಬೇರುಸಹಿತ ಕೀಳಿ. 'ಅನ್‌ಇನ್‌ಸ್ಟಾಲ್ ಡಿವೈಸ್' ಒತ್ತಿದಾಗ ಡ್ರೈವರನ್ನೂ ತೆಗೆಯಬೇಕೇ ಎಂಬ ಚೌಕ ಬಂದರೆ ಅದಕ್ಕೆ ಗುರುತು ಹಾಕಿ. ಹಾಕದಿದ್ದರೆ ಕರಿಕೆಯ ಬೇರಿನಂತೆ ಅದೇ ಡ್ರೈವರು ಮತ್ತೆ ಚಿಗುರುತ್ತದೆ. ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಆರಂಭಿಸಿ, ಆಮೇಲೆ ಹೊಸದನ್ನು ಹಾಕಿ.

5. ಹಾಕುವ ಮೊದಲು ಸಹಿ ನೋಡಿ. ಕ್ಯಾಟಲಾಗ್ ಕಡತದ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್', ಅದರಲ್ಲಿ 'ಡಿಜಿಟಲ್ ಸಿಗ್ನೇಚರ್ಸ್', ಅದರಲ್ಲಿ 'ಡೀಟೇಲ್ಸ್' ತೆರೆಯಿರಿ. ಸಹಿ ಸರಿಯಾಗಿದೆ ಎಂದು ಬರೆದಿರಬೇಕು. "ಈ ಕಡತದ ಹ್ಯಾಷ್ ಕ್ಯಾಟಲಾಗಿನಲ್ಲಿಲ್ಲ" ಎಂಬ ಅರ್ಥದ ದೂರು ಬಂದರೆ ಚೀಲದ ಹೊಲಿಗೆ ಬಿಚ್ಚಿದೆ ಎಂದೇ ತಿಳಿಯಿರಿ. ಇಳಿಸುವಾಗ ಕಡತ ಅರ್ಧಕ್ಕೆ ನಿಂತಿರಬಹುದು, ಇಲ್ಲವೆ ಯಾರೋ ತಿದ್ದಿರಬಹುದು. ಮತ್ತೊಮ್ಮೆ ಮೂಲದಿಂದಲೇ ಇಳಿಸಿಕೊಳ್ಳಿ. "ಐಎನ್‌ಎಫ್ ಕಡತದಲ್ಲಿ ಸಹಿಯ ಮಾಹಿತಿಯೇ ಇಲ್ಲ" ಎಂದರೆ ಆ ಡ್ರೈವರಿಗೆ ಚೀಟಿಯೇ ಇಲ್ಲ. ಅದನ್ನು ಬಿಟ್ಟುಬಿಡಿ.

6. ಕಿಂಡಿಯ ಸಂಖ್ಯೆ ನೋಡಿ. ಹೊಸ ಡ್ರೈವರು ಹಾಕಿದ ಮೇಲೆ ಕಾಮ್ 3 ಎಂದಿದ್ದುದು ಕಾಮ್ 5 ಆಗಿರಬಹುದು. ಹಾಲಿನ ಲೆಕ್ಕದ ಪ್ರೋಗ್ರಾಮಿನಲ್ಲಿಯೂ ಅದೇ ಸಂಖ್ಯೆ ಕೊಡಿ. ಎಲ್ಲ ಸರಿಯಿದ್ದೂ ಅಂಕಿ ಬಾರದಿರುವುದಕ್ಕೆ ಅನೇಕ ಬಾರಿ ಇದೇ ಕಾರಣ.

ಮಾಡಬಾರದ ಕೆಲಸಗಳು

ವಿಂಡೋಸಿನಲ್ಲಿ ಸಹಿಯ ಕಾವಲನ್ನು ಸಡಿಲಿಸುವ ದಾರಿಗಳಿವೆ. ಶಿಫ್ಟ್ ಒತ್ತಿ ರೀಸ್ಟಾರ್ಟ್ ಮಾಡಿ, ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 7ನೆಯದನ್ನು ಆರಿಸಿದರೆ ಆ ಒಂದು ಆರಂಭಕ್ಕೆ ಮಾತ್ರ ಪರೀಕ್ಷೆ ನಿಲ್ಲುತ್ತದೆ. ಮಾರನೆಯ ದಿನ ಕಂಪ್ಯೂಟರು ಹಾಕಿದರೆ ಕೋಡ್ 52 ಮತ್ತೆ ಹಾಜರು. 'ಟೆಸ್ಟ್ ಮೋಡ್' ಎಂಬುದು ಇನ್ನೊಂದು ದಾರಿ. ಅದಕ್ಕೆ ಸೆಕ್ಯೂರ್ ಬೂಟ್ ಎಂಬ ಬಾಗಿಲ ಕಾವಲನ್ನೂ ತೆಗೆಯಬೇಕಾಗುತ್ತದೆ. ಇವು ಡ್ರೈವರು ತಯಾರಿಸುವವರು ಪರೀಕ್ಷೆಗೆಂದು ಬಳಸುವ ದಾರಿಗಳು, ಡೇರಿಗಲ್ಲ. ತೆರೆಯ ಮೂಲೆಯಲ್ಲಿ 'ಟೆಸ್ಟ್ ಮೋಡ್' ಎಂಬ ಬರಹ ನಿಮ್ಮ ಸಂಘದ ಕಂಪ್ಯೂಟರಿನಲ್ಲಿ ಕಂಡರೆ ಏಕೆಂದು ಕೇಳಿರಿ. ಬಿಟ್‌ಲಾಕರ್ ಬೀಗ ಇರುವ ಕಂಪ್ಯೂಟರಿನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ 48 ಅಂಕಿಯ ಕೀಲಿಯನ್ನು ಕೇಳಬಹುದು. ಆ ಕೀಲಿ ಎಲ್ಲಿದೆಯೆಂದು ತಿಳಿಯದಿದ್ದರೆ ಲೆಕ್ಕವೆಲ್ಲ ಒಳಗೇ ಸಿಕ್ಕಿಕೊಳ್ಳುವುದು.

ಐಎನ್‌ಎಫ್ ಕಡತವನ್ನು ತೆರೆದು "ಒಂದು ಸಾಲು ತಿದ್ದಿದರೆ ಸಾಕು" ಎನ್ನುವವರೂ ಉಂಟು. ಒಂದು ಅಕ್ಷರ ತಿದ್ದಿದರೂ ಬೆರಳಚ್ಚು ಕೆಡುತ್ತದೆಂದು ಮೇಲೆ ಹೇಳಿದೆ. ಇಲ್ಲದ ರೋಗವನ್ನು ತಂದುಕೊಳ್ಳುವುದೆಂದರೆ ಇದೇ.

ಇನ್ನೊಂದು ಮಾತು. ಅಧಿಕಾರಿಗಳು ಕಾಗದಪತ್ರಕ್ಕೆ ಸಹಿ ಹಾಕಲು ಪೆನ್ ಡ್ರೈವಿನಂಥ ಟೋಕನ್ ಬಳಸುವುದನ್ನು ನೀವು ನೋಡಿರಬಹುದು. ಅದೂ ಡಿಜಿಟಲ್ ಸಹಿಯೇ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ. ತತ್ವ ಒಂದೇ ಆದರೂ ಅದು ವ್ಯಕ್ತಿಯ ಸಹಿ, ಇದು ತಯಾರಕನ ಸಹಿ. ಕೋಡ್ 52 ಬಂದಾಗ ಅಧ್ಯಕ್ಷರ ಟೋಕನ್ ಚುಚ್ಚಿ ಪ್ರಯೋಜನವಿಲ್ಲ.

ಸಂಘವು ಇಟ್ಟುಕೊಳ್ಳತಕ್ಕ ಎಚ್ಚರಿಕೆ

ಕೇಬಲ್ ಕೆಟ್ಟರೆ ಹಾಲು ಪರೀಕ್ಷೆ ಕೆಟ್ಟಂತಲ್ಲ. ಯಂತ್ರದ ಮುಖದ ಮೇಲೆ ಅಂಕಿ ಕಾಣುತ್ತಲೇ ಇರುತ್ತದೆ. ದುರಸ್ತಿಯಾಗುವ ತನಕ ಆ ಅಂಕಿಯನ್ನು ಸದಸ್ಯರ ಎದುರಿಗೇ ಪುಸ್ತಕದಲ್ಲಿ ಬರೆದು, ಅವರಿಗೆ ಓದಿ ಹೇಳಿ, ಅವರ ಸಹಿ ಪಡೆಯಿರಿ. ಅದಕ್ಕೆಂದೇ ಒಂದು ಪುಸ್ತಕ ಸಿದ್ಧವಿರಲಿ.

ಎಲ್ಲ ಸರಿಯಿರುವ ದಿನವೇ ಮೂರು ಕೆಲಸ ಮಾಡಿರಿ. ಕೇಬಲ್ಲಿನ ಹಾರ್ಡ್‌ವೇರ್ ಐಡಿ, ಡ್ರೈವರಿನ ಆವೃತ್ತಿ, ಕಾಮ್ ಸಂಖ್ಯೆ ಇವನ್ನು ಬರೆದು ಗೋಡೆಗೆ ಅಂಟಿಸಿ. ಸಹಿಯುಳ್ಳ ಡ್ರೈವರಿನ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಒಳ್ಳೆಯ ಕೇಬಲ್ಲನ್ನು ಪೆಟ್ಟಿಗೆಯಲ್ಲಿಡಿ. ಹೊರಗಿನವರು ಬಂದು ದುರಸ್ತಿ ಮಾಡಿದರೆ ಏನು ಹಾಕಿದರು, ಎಲ್ಲಿಂದ ತಂದರು ಎಂಬುದನ್ನು ಬರೆಸಿಕೊಳ್ಳತಕ್ಕದ್ದು.

ಸದಸ್ಯರೇ, ಇದು ಕಾರ್ಯದರ್ಶಿಯೊಬ್ಬರ ಹೊಣೆಯೆಂದು ಕೈಕಟ್ಟಿ ಕೂರಬೇಡಿ. ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿರಿ: ನಮ್ಮ ಕಂಪ್ಯೂಟರಿನ ವಿಂಡೋಸಿಗೆ ಇನ್ನೂ ಬೆಂಬಲವಿದೆಯೇ? ಅದರಲ್ಲಿ ಸಹಿ ಇಲ್ಲದ ಡ್ರೈವರು ಇದೆಯೇ? ಎರಡನೆಯದನ್ನು ತಿಳಿಯಲು 'ಸಿಗ್‌ವೆರಿಫ್' ಎಂಬ ಪರೀಕ್ಷಕ ವಿಂಡೋಸಿನೊಳಗೇ ಇದೆ. ಹುಡುಕುವ ಜಾಗದಲ್ಲಿ ಆ ಹೆಸರು ಬರೆದು ಆರಂಭಿಸಿದರೆ ಸಹಿಯಿಲ್ಲದ ಕಡತಗಳ ಪಟ್ಟಿಯನ್ನು ಕೊಡುತ್ತದೆ. ಓದು ಬಲ್ಲ ನಿಮ್ಮ ಮಗಳೋ ಮಗನೋ ಕಾರ್ಯದರ್ಶಿಯ ಎದುರು ಕುಳಿತು ಇದನ್ನು ಮಾಡಿ ತೋರಿಸಬಹುದು.

ಚೀಟಿ ನೋಡದೆ ಬೀಜ ಕೊಳ್ಳುವುದಿಲ್ಲ ನೀವು. ಸಹಿ ನೋಡದೆ ಡ್ರೈವರನ್ನೂ ಒಳಗೆ ಬಿಡಬೇಡಿ.

— ನಿಮ್ಮ ಗ್ರಾಮಸೇವಕ