ಬೆಂಕಿ ಕಂಡ ರೈಫಲ್ಲಿಗೆ ಮತ್ತೆ ಗುಂಡು ತುಂಬಬಹುದೆ?

ಮನೆಗೆ ಬಿದ್ದ ಬೆಂಕಿ ಆರಿದ ಮೇಲೆ ಬೂದಿಯೊಳಗೆ ಹಳೆಯ ಮಿಲಿಟರಿ ರೈಫಲ್ಲೊಂದು ಸಿಕ್ಕಿತೆನ್ನಿ. ಮರದ ಹಿಡಿ ಇದ್ದಿಲಾಗಿದೆ, ಉಕ್ಕಿನ ಭಾಗವೆಲ್ಲ ನೆಟ್ಟಗೇ ಇದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಧಗಧಗಿಸುವ ಕೋಣೆಯ ಬಿಸಿ ಸಾಮಾನ್ಯವಾಗಿ ಸಾವಿರದ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ತುಕ್ಕು ಉಜ್ಜಿ, ಎಣ್ಣೆ ಬಳಿದು, ಹೊಸ ಮರ ಕೂರಿಸಿದರೆ ಸಾಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಹಳೆ ಕೋವಿ ಮಾರುವವರಲ್ಲಿ ಕೆಲವರು ಮಾಡುವುದೂ ಇಷ್ಟೇ.

ಆದರೆ ಉಕ್ಕು ಕರಗುವುದಕ್ಕೆ ಬಹಳ ಮೊದಲೇ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ತೂಗಿದ ತ್ರೀ-ನಾಟ್-ತ್ರೀಯನ್ನೇ ನೋಡಿ. ಕುದುರೆ ಎಳೆದ ಕ್ಷಣದಲ್ಲಿ ಅದರ ತೋಟಾದೊಳಗೆ ಹುಟ್ಟುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ಸಾವಿರ ಪಟ್ಟಿಗೂ ಹೆಚ್ಚು. ಆ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಷ್ಟೇ ಜೋರಾಗಿ ತೋಟಾದ ಬುಡವನ್ನು ಹಿಂದಕ್ಕೂ ಒದೆಯುತ್ತದೆ. ಎರಡು-ಮೂರು ಟನ್ ತೂಕದ ಆ ಒದೆತವನ್ನು ತಡೆಯುವುದು ಬೋಲ್ಟ್ ಎಂಬ ಉಕ್ಕಿನ ಅಗುಳಿ. ಅದರ ಮೇಲಿನ ಲಗ್ಗುಗಳೆಂಬ ಸಣ್ಣ ಉಬ್ಬುಗಳು ಬೋಲ್ಟನ್ನು ಒಳಗಿಟ್ಟುಕೊಂಡ, ರಿಸೀವರ್ ಎಂಬ ಉಕ್ಕಿನ ಚೌಕಟ್ಟಿನ ತೋಡಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ. ಗುರಿಯಿಡುವವನ ಕಣ್ಣು ಅಲ್ಲಿಂದ ಗೇಣುದ್ದ ದೂರವೂ ಇರುವುದಿಲ್ಲ.

ಒಂದನೆಯ ಮಹಾಯುದ್ಧದ ಕಾಲದ ಹಲವು ರೈಫಲ್ಲುಗಳಲ್ಲಿ, ಜರ್ಮನಿಯ 1898ರ ಮೌಸರ್ ಸೇರಿದಂತೆ, ಈ ಭಾಗಗಳಿಗೆ ಕಡಿಮೆ ಇಂಗಾಲದ ಮೆದು ಉಕ್ಕು ಬಳಸುತ್ತಿದ್ದರು. ಮೂಳೆಯ ಇದ್ದಿಲಿನಂಥ ಇಂಗಾಲದ ಪುಡಿಯಲ್ಲಿ ಹೂತು ಕಾಯಿಸಿದರೆ ಇಂಗಾಲ ಮೇಲ್ಮೈಗೆ ಇಳಿಯುತ್ತದೆ. ಆಮೇಲೆ ಥಟ್ಟನೆ ತಣಿಸಿದರೆ ಒಂದು ತೆಳು ಪದರ ಮಾತ್ರ ಗಟ್ಟಿಯಾಗುತ್ತದೆ. ಒಳಗೆಲ್ಲ ಮೆದು, ಹೊರಗೆ ಗರಿ: ಉದ್ದಿನ ವಡೆಯ ಹಾಗೆ. ಗಟ್ಟಿ ಪದರ ಸವೆತವನ್ನು ತಡೆಯುತ್ತದೆ, ಮೆದು ಒಡಲು ಒಡೆಯದೆ ಒದೆತ ತಾಳುತ್ತದೆ. ಮಿಲಿಮೀಟರಿನ ಒಂದು ಪಾಲಷ್ಟೇ ದಪ್ಪದ ಆ ಪದರವನ್ನೇ ಬೆಂಕಿ ಹಾಳುಮಾಡುವುದು.

ಸುಮಾರು 200 ಡಿಗ್ರಿ ದಾಟುತ್ತಿದ್ದಂತೆ ಪದರದ ಗಡಸು ಇಳಿಯತೊಡಗುತ್ತದೆ. ಐನೂರು-ಆರುನೂರರ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. 727 ದಾಟಿದರೆ ಉಕ್ಕಿನ ಒಳರಚನೆಯೇ ಬದಲಾಗುತ್ತದೆ. ಅಲ್ಲಿಂದ ಮುಂದಿನ ಗತಿಯನ್ನು ನಿರ್ಧರಿಸುವುದು ಅದು ತಣಿದ ರೀತಿ. ಬೂದಿಯಲ್ಲಿ ಹುದುಗಿ ರಾತ್ರಿಯಿಡೀ ತಣಿದ ಲಗ್ಗು ಮೆದುವಾಗಿರುತ್ತದೆ. ಅಗ್ನಿಶಾಮಕದವರ ನೀರು ನೇರ ಬಿದ್ದ ತುದಿ ಗಡುಸಾಗಿ, ಬಿರುಕು ಬಿಡುವಷ್ಟು ಪೆಡಸಾಗಿರಬಹುದು. ಒಂದೇ ಕೋವಿಯಲ್ಲಿ ಎರಡೂ ಇರಬಹುದು.

ಪೆಡಸು ಉಕ್ಕು ಏನು ಮಾಡೀತೆಂಬುದಕ್ಕೆ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಅದನ್ನು ಕೆಡಿಸಿದ್ದು ಮನೆಯ ಬೆಂಕಿಯಲ್ಲ, ಕಾರ್ಖಾನೆಯದೇ ಕುಲುಮೆ. 1917ರಲ್ಲಿ ಕೆಲವು ರೈಫಲ್ಲುಗಳ ರಿಸೀವರುಗಳು ಚೂರುಚೂರಾದಾಗ ತನಿಖೆ ನಡೆಯಿತು. ಅಷ್ಟೂ ವರ್ಷ ನುರಿತ ಕೆಲಸಗಾರರು ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಅಂದಾಜಿಸುತ್ತಿದ್ದರು. ಪೈರೋಮೀಟರ್ ಇಟ್ಟು ಅಳೆದರೆ, ಮೋಡದ ದಿನಕ್ಕಿಂತ ಬಿಸಿಲಿನ ದಿನ ಅವರ ಕಣ್ಣಿನ ‘ಸರಿಯಾದ ಕೆಂಪು’ ಸುಮಾರು 165 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚು ಬಿಸಿಯಾಗಿರುತ್ತಿತ್ತು! ಸುತ್ತ ಬೆಳಕು ಹೆಚ್ಚಿದ್ದರೆ ಕೆಂಡ ಮಂಕಾಗಿ ಕಾಣುತ್ತದೆ, ಅಷ್ಟೇ ಕಾರಣ. ಈ ಕಥೆಯನ್ನು ವಿವರವಾಗಿ ಬರೆದಿಟ್ಟವರು ಅಮೆರಿಕದ ಸೇನೆಯ ಶಸ್ತ್ರತಜ್ಞ ಜೂಲಿಯನ್ ಹ್ಯಾಚರ್. ಅತಿಯಾಗಿ ಕಾದ ಉಕ್ಕಿನ ಹರಳುಗಳು ದಪ್ಪಗಾಗಿ, ಅಂಥ ರಿಸೀವರು ಸುತ್ತಿಗೆಯ ಏಟಿಗೇ ಒಡೆಯುತ್ತಿತ್ತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಬೇರೆ. ಈ ರೈಫಲ್ಲುಗಳೆಲ್ಲ ಕಾರ್ಖಾನೆಯಲ್ಲಿ ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟಾ ಹಾರಿಸಿ, ಪರೀಕ್ಷೆ ಪಾಸಾಗಿಯೇ ಹೊರಬಂದಿದ್ದವು.

ಕೋವಿಯನ್ನು ಹಳೇ ಟೈರಿಗೆ ಬಿಗಿದು, ದೂರದಿಂದ ದಾರ ಎಳೆದು ಹತ್ತು ಗುಂಡು ಹಾರಿಸಿ ‘ಏನೂ ಆಗಲಿಲ್ಲ, ಚೆನ್ನಾಗಿದೆ’ ಎನ್ನುವವರಿಗೆ ಉತ್ತರ ಇಲ್ಲಿಯೇ ಇದೆ. ಪೆಡಸು ಉಕ್ಕು ಹತ್ತು ಸಲ ತಾಳಿ ಹನ್ನೊಂದನೆಯದಕ್ಕೆ ಒಡೆಯಬಲ್ಲದು. ಮೆದುವಾದ ಉಕ್ಕಿನ ದಾರಿ ಬೇರೆ. ಪ್ರತಿ ಗುಂಡಿಗೂ ಲಗ್ಗು ತನ್ನ ಆಸರೆಯನ್ನು ಕೂದಲೆಳೆಯಷ್ಟು ಒತ್ತುತ್ತ ಹಿಂದೆ ಸರಿಯುತ್ತದೆ, ತೋಟಾದ ಬುಡಕ್ಕೂ ಬೋಲ್ಟಿಗೂ ನಡುವಿನ ಸಂದು ಬೆಳೆಯುತ್ತದೆ. ಒಂದು ದಿನ ಹಿತ್ತಾಳೆಯ ತೋಟಾ ಹಿಗ್ಗಲಾರದೆ ಹರಿದು, ಒಳಗಿನ ಅನಿಲ ಮುಖದ ಕಡೆ ನುಗ್ಗುತ್ತದೆ.

ಹಾಗಾದರೆ ಬೆಂಕಿ ಎಷ್ಟು ತಾಗಿದೆ ಎಂದು ತಿಳಿಯುವುದು ಹೇಗೆ? ಒಂದಿಷ್ಟು ಪತ್ತೇದಾರಿ ಸಾಧ್ಯ. ಮರ ಮೇಲೆ ಮಾತ್ರ ಕಪ್ಪಾಗಿ, ಉಕ್ಕಿಗೆ ಅಂಟಿಕೊಂಡ ಒಳಮೈ ಹಾಗೇ ಇದ್ದರೆ ಆ ಭಾಗ ಹೆಚ್ಚು ಕಾದಿರಲಿಕ್ಕಿಲ್ಲ. ಮರ ಇದ್ದಿಲಾಗುವುದು 300 ಡಿಗ್ರಿಯ ಸುತ್ತಮುತ್ತ. ಉಜ್ಜಿ ಹೊಳಪಿಸಿದ ಬೋಲ್ಟಿನ ಮೈ ಹುಲ್ಲುಹಳದಿಯಾಗಿದ್ದರೆ 220ರ ಆಸುಪಾಸು, ನೀಲಿಯಾಗಿದ್ದರೆ 300ರ ಆಸುಪಾಸು ಕಾದಿದೆ ಎಂದರ್ಥ. ಬೂದುಬಣ್ಣದ ಹಕ್ಕಳೆ ಎದ್ದಿದ್ದರೆ ಇನ್ನೂ ಮೇಲಕ್ಕೆ ಹೋಗಿದೆ. ಸ್ಪ್ರಿಂಗು ಒತ್ತಿದಲ್ಲೇ ಕುಳಿತುಬಿಟ್ಟರೆ ಮುಂದಿನ ವಿಚಾರಣೆಯೇ ಬೇಡ. ಆದರೆ ಬಣ್ಣವನ್ನು ಉಜ್ಜಿ ತೆಗೆಯಬಹುದು, ಸ್ಪ್ರಿಂಗನ್ನೂ ಮರವನ್ನೂ ಬದಲಿಸಬಹುದು. ಸುಟ್ಟ ಗುರುತಿಲ್ಲ ಎಂದ ಮಾತ್ರಕ್ಕೆ ಸುಟ್ಟಿಲ್ಲ ಎನ್ನುವಂತಿಲ್ಲ.

ಪ್ರಯೋಗಾಲಯದ ರಾಕ್‌ವೆಲ್ ಪರೀಕ್ಷೆಯಲ್ಲಿ ವಜ್ರದ ಮೊನೆಯನ್ನು ಉಕ್ಕಿಗೆ ಒತ್ತಿ, ಅದು ಇಳಿದ ಆಳದಿಂದ ಗಡಸು ಅಳೆಯುತ್ತಾರೆ. ಅದು ಒತ್ತಿದ ಜಾಗದ ಮಾತು, ಪಕ್ಕದ ಬಿರುಕಿನದಲ್ಲ. ಲಗ್ಗು ಕೂರುವ ತೋಡಂತೂ ಒಳಗೆಲ್ಲೋ ಅವಿತಿರುತ್ತದೆ. ಮತ್ತೆ ಕಾಯಿಸಿ ಹದ ಹಾಕೋಣವೆಂದರೆ, ನೂರು ವರ್ಷದ ಹಿಂದಿನ ಆ ಉಕ್ಕಿನಲ್ಲಿ ಏನೇನಿದೆಯೆಂದು ಮೊದಲು ಗೊತ್ತಿರಬೇಕು. ಅಚ್ಚುಕಟ್ಟಾಗಿ ಕೊರೆದ ಭಾಗಗಳು ಕಾಯಿಸಿದಾಗ ಸೊಟ್ಟಗಾಗುವ ಭಯ ಬೇರೆ.

ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜಿಸುವ ಕೊಡಗಿನ ಮನೆಗಳಿಗೆ ಒಂದು ಮಾತು ಸೇರಿಸಬೇಕು. ಹಳೆಯ ಜೋಡಿನಳಿಗೆ ಕೋವಿಗಳ ನಳಿಗೆಗಳನ್ನು ಎಷ್ಟೋ ಕಡೆ ಬೆಸುಗೆಯಿಂದ ಜೋಡಿಸಿರುತ್ತಾರೆ. ಮೆದು ಬೆಸುಗೆ 200 ಡಿಗ್ರಿಯ ಹತ್ತಿರವೇ ಕರಗುತ್ತದೆ. ಅದು ಹರಿದು ಮಣಿಗಟ್ಟಿದ್ದು ಕಂಡರೆ ಆ ಕೋವಿಗೆ ತೋಟಾ ತೋರಿಸಬೇಡಿ.

ಅಮೆರಿಕದಲ್ಲಿ ಹಳೆಯ ಸೇನಾ ರೈಫಲ್ಲುಗಳನ್ನು ನಾಗರಿಕರಿಗೆ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರುಳ್ಳ 1903ರ ರೈಫಲ್ಲನ್ನೂ ರಾಕ್ ಐಲೆಂಡ್ ಕಾರ್ಖಾನೆಯ 2,85,507ಕ್ಕಿಂತ ಕೆಳಗಿನ ಸಂಖ್ಯೆಯದನ್ನೂ ಹಾರಿಸಬೇಡಿ ಎಂದೇ ಹೇಳುತ್ತದೆ. ಅವುಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರಬಹುದು. ಯಾವುದು ಚೆನ್ನಾಗಿದೆ ಎಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲ. ಬೆಂಕಿ ಕಂಡ ರೈಫಲ್ಲಿಗೂ ಇದೇ ತೀರ್ಪು. ಅಜ್ಜನ ನೆನಪಿಗೆ ಬೇಕಿದ್ದರೆ ಪರವಾನಗಿಯುಳ್ಳ ದುರಸ್ತಿಗಾರರ ಕೈಯಲ್ಲಿ ಅದು ಎಂದೂ ಹಾರದಂತೆ ಮಾಡಿಸಿ, ಗೋಡೆಗೆ ತೂಗುಹಾಕಿ.