ಹೊಗೆಯನ್ನು ಹೂಳುವ ವಿದ್ಯೆ

ಇಟ್ಟಮಡುವಿನ ಯಾವುದಾದರೊಂದು ಬೀದಿಗೆ ಕೊಳವೆಬಾವಿ ತೋಡುವ ಯಂತ್ರ ಬಂದು ನಿಂತಿತೆಂದರೆ, ಆ ಬೀದಿಯವರು ಅಂದಿನ ಮಧ್ಯಾಹ್ನದ ನಿದ್ರೆಗೆ ಎಳ್ಳುನೀರು ಬಿಟ್ಟಂತೆಯೇ. ಮೇಲಣ ಕೆಂಪು ಮಣ್ಣು ಮುಗಿಯುತ್ತಲೂ ಬೂದುಬಣ್ಣದ ಪುಡಿ ಮೋಡದಂತೆ ಎದ್ದು, ನೆರೆಮನೆಗಳ ತುಳಸಿಕಟ್ಟೆಯನ್ನೂ ಒಣಹಾಕಿದ ಬಟ್ಟೆಗಳನ್ನೂ ಮುತ್ತುತ್ತದೆ. ಮಡು ಎಂಬ ಮಾತಿಗೆ ಆಳವಾದ ನೀರೆಂದು ಅರ್ಥ. ಆದರೆ ಬೆಂಗಳೂರಿನಲ್ಲಿ ಸಾವಿರ ಅಡಿ ಇಳಿದರೂ ನೀರಿಗೆ ಬದಲಾಗಿ ಆ ಬೂದುಪುಡಿಯೇ ದೊರೆಯುವುದುಂಟು.

ಆ ಪುಡಿ ಸಾಮಾನ್ಯವಾದುದಲ್ಲ. ಲಾಲ್‌ಬಾಗಿನ ಗುಡ್ಡದ ಮೇಲೆ ಮಕ್ಕಳು ಜಾರಿ ಆಡುವ ಬಂಡೆಯೂ ಇದೇ ಜಾತಿಯ ಕಲ್ಲು. ಹಳೆಯ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ೧೯೧೬ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ಇದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಭಾರತದ ಕಲ್ಲಿದ್ದಲು ಹುಟ್ಟಿದ ಕಾಡುಗಳಾದರೋ ಬೆಳೆದದ್ದು ಹೆಚ್ಚೆಂದರೆ ೩೦ ಕೋಟಿ ವರ್ಷಗಳ ಹಿಂದೆ. ದಾಮೋದರ, ಗೋದಾವರಿ ಕಣಿವೆಗಳಲ್ಲಿ ನೆಲ ಕುಸಿದು ತಗ್ಗಾದುದರಿಂದ ಆ ಕಾಡುಗಳು ಕೆಸರಿನಲ್ಲಿ ಹೂತು ಕಲ್ಲಿದ್ದಲಾದುವು. ಮೈಸೂರಿನ ಪ್ರಸ್ಥಭೂಮಿ ಮಾತ್ರ ಅಲುಗದೆ ಎತ್ತರದಲ್ಲಿಯೇ ನಿಂತಿತ್ತು. ಹೀಗಾಗಿ ಚಿನ್ನವನ್ನು ಕೊಟ್ಟ ಈ ನೆಲ ಕಲ್ಲಿದ್ದಲನ್ನು ಕೊಡಲಿಲ್ಲ.

ಅದರ ಅಗತ್ಯವೂ ಬಹುಕಾಲ ಬೀಳಲಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿ ಕೋಲಾರದ ಗಣಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ೧೯೮೫ರಲ್ಲಿ ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ಮೊದಲ ಘಟಕ ಉರಿಯತೊಡಗಿದ ಮೇಲೆ ಕಾಲ ಬದಲಾಯಿತು. ಅಲ್ಲಿ ಎಂಟು ಘಟಕಗಳು ನೆಲೆಗೊಂಡು ಸಾಮರ್ಥ್ಯ ೧,೭೨೦ ಮೆಗಾವ್ಯಾಟ್‌ಗೆ ಮುಟ್ಟಿತು. ಕಲ್ಲಿದ್ದಲು ಸಿಂಗರೇಣಿಯೇ ಮೊದಲಾದ ಗಣಿಗಳಿಂದ ರೈಲಿನಲ್ಲಿ ಬರಬೇಕು. ಬನಶಂಕರಿಯ ಮನೆಯೊಂದರಲ್ಲಿ ಮಿಕ್ಸರ್ ತಿರುಗಿದಾಗ ಗೋದಾವರಿ ತೀರದ ಕಲ್ಲಿದ್ದಲಿನ ಒಂದು ಚೂರು ಬೂದಿಯಾಗಿರುವ ಸಂಭವ ಸಾಕಷ್ಟಿದೆ.

ಆ ಕಲ್ಲಿದ್ದಲಿನ ಒಡಲಲ್ಲಿ ಮತ್ತೊಂದು ವಸ್ತು ಅಡಗಿದೆ. ಗಿಡಮರಗಳು ಕಲ್ಲಿದ್ದಲಾಗುವಾಗ ಹುಟ್ಟುವ ಮೀಥೇನ್ ಅನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ ೫ರಿಂದ ೧೫ ಭಾಗ ಬೆರೆತಾಗ ಒಂದು ಕಿಡಿ ಸಾಕು. ೧೯೫೮ರ ಫೆಬ್ರವರಿಯಲ್ಲಿ ಬಂಗಾಳದ ಚಿನಾಕುರಿ ಗಣಿಯಲ್ಲಿ ಈ ಅನಿಲ ಸಿಡಿದು ನೂರೆಪ್ಪತ್ತಕ್ಕೂ ಮಿಕ್ಕಿ ಕಾರ್ಮಿಕರು ಮಡಿದರು. ೧೯೬೫ರ ಮೇ ತಿಂಗಳಲ್ಲಿ ಧೋರಿ ಗಣಿಯ ಸ್ಫೋಟ ೨೬೮ ಜೀವಗಳನ್ನು ನುಂಗಿತು. ಗಂಡ ಪಾಳಿ ಮುಗಿಸಿ ಹಿಂದಿರುಗುವನೋ ಇಲ್ಲವೋ ಎಂದು ಬಾಗಿಲಲ್ಲಿ ಕಾಯುವುದು ಗಣಿಯೂರುಗಳ ಹೆಂಗಸರಿಗೆ ನಿತ್ಯದ ವ್ರತವಾಗಿತ್ತು.

ಇಂಥ ಯಮದೂತನನ್ನು ಅಡಿಗೆಮನೆಯ ಆಳನ್ನಾಗಿ ಮಾಡಿಕೊಂಡುದು ಇತ್ತೀಚಿನ ಸಾಹಸ. ಮೀಥೇನ್ ಕಲ್ಲಿದ್ದಲಿನ ಅತಿ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಂಟಿಕೊಂಡಿರುತ್ತದೆ; ಸುತ್ತಲಿನ ನೀರಿನ ಒತ್ತಡ ಅದನ್ನು ಹಿಡಿದಿಟ್ಟಿರುತ್ತದೆ. ಬಾವಿ ಕೊರೆದು ಆ ನೀರನ್ನು ಹೊರಚೆಲ್ಲಿದರೆ ಒತ್ತಡ ತಗ್ಗಿ ಅನಿಲ ಬಿಡಿಸಿಕೊಳ್ಳುತ್ತದೆ. ಭಾರತ ಸರ್ಕಾರ ೧೯೯೭ರಲ್ಲಿ ಇದಕ್ಕೊಂದು ನೀತಿಯನ್ನು ರೂಪಿಸಿತು. ೨೦೦೭ರಲ್ಲಿ ರಾಣಿಗಂಜ್ ಪ್ರದೇಶದಲ್ಲಿ ಮಾರಾಟದ ಮಟ್ಟದ ಉತ್ಪಾದನೆ ಮೊದಲಾಯಿತು. ಹತ್ತು ವರ್ಷಗಳ ತರುವಾಯ ಮಧ್ಯಪ್ರದೇಶದ ಸೊಹಾಗ್‌ಪುರದ ಅನಿಲವೂ ಕೊಳವೆಯನ್ನು ಸೇರಿತು. ಬೆಂಗಳೂರಿಗೆ ೨೦೧೩ರಲ್ಲಿ ಬಂದ ಕೊಳವೆಮಾರ್ಗ ಕೊಂಕಣದ ದಾಭೋಲಿನಿಂದ ಹೊರಟು ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರುಗಳ ಸೀಮೆಯನ್ನು ಹಾಯ್ದು ಬರುವಂಥದು. ದಕ್ಷಿಣ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಒಲೆ ಉರಿಸುವ ಈ ಕೊಳವೆಯ ಅನಿಲವೂ ಮೀಥೇನೇ, ಸಿಲಿಂಡರಿನದು ಬೇರೆ. ಗೃಹಿಣಿಯರು ಒಂದನ್ನು ನೆನಪಿಡಬಹುದು: ಸಿಲಿಂಡರಿನ ಅನಿಲ ಸೋರಿದರೆ ನೆಲದ ಮೇಲೆ ಮಡುಗಟ್ಟುತ್ತದೆ, ಮೀಥೇನ್ ಮಾಡಿನ ಕಡೆಗೆ ಏರುತ್ತದೆ.

ತೆಗೆಯುವ ಮಾತಾಯಿತು. ಹೂಳುವ ಮಾತು ಇದಕ್ಕಿಂತ ತೊಡಕಿನದು.

ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಹುಟ್ಟಿದರೆ, ಹಿಂದಿನವರು ಅಂಗಾರಾಮ್ಲ ವಾಯು ಎನ್ನುತ್ತಿದ್ದ ಇಂಗಾಲದ ಡೈ ಆಕ್ಸೈಡ್ ಹತ್ತಿರಹತ್ತಿರ ಒಂದು ಕಿಲೋ ಹೊರಬೀಳುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಸಂಸಾರದ ದೀಪವೆಲ್ಲ ಕಲ್ಲಿದ್ದಲಿನದೇ ಆದಲ್ಲಿ, ಅದರ ಪಾಲಿಗೆ ಎರಡು ಮೂಟೆ ಅಕ್ಕಿಯ ತೂಕದ ವಾಯು! ಗಾಳಿ, ಬಿಸಿಲು, ನೀರುಗಳಿಂದಲೂ ವಿದ್ಯುತ್ತು ಬರುವುದರಿಂದ ಲೆಕ್ಕ ಅಷ್ಟು ಕಠಿಣವಾಗದು. ಆದರೂ ಹೊರೆ ಹೊರೆಯೇ. ಭೂಮಿಯ ತಾಪವನ್ನು ಏರಿಸುತ್ತಿರುವ ಈ ವಾಯುವನ್ನು ಹೊಗೆಕೊಳವೆಯಲ್ಲಿಯೇ ಹಿಡಿದು, ಒತ್ತಿ, ಎಂಟುನೂರು ಮೀಟರಿಗೂ ಕೆಳಗೆ ಇಳಿಸಿದರೆ ಅಲ್ಲಿನ ಒತ್ತಡದಲ್ಲಿ ಅದು ದ್ರವದಂತೆ ದಟ್ಟವಾಗಿ ಸ್ವಲ್ಪ ಸ್ಥಳದಲ್ಲಿ ಅಡಕವಾಗುತ್ತದೆ. ನಾರ್ವೆ ದೇಶ ೧೯೯೬ರಲ್ಲಿ ಸ್ಲೈಪ್ನರ್ ಎಂಬಲ್ಲಿ ಕಡಲತಳದ ಮರಳುಗಲ್ಲಿನೊಳಗೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನಂತೆ ತುಂಬತೊಡಗಿತು.

ಕಲ್ಲಿದ್ದಲಿಗೂ ಇಲ್ಲಿ ಒಂದು ಪಾತ್ರವಿದೆ, ಅದು ಬಹು ಸೊಗಸಾದುದು. ಕಲ್ಲಿದ್ದಲಿಗೆ ಮೀಥೇನಿಗಿಂತ ಅಂಗಾರಾಮ್ಲದ ಮೇಲೆ ಮೋಹ ಹೆಚ್ಚು. ಎರಡು ಅಣು ಅಂಗಾರಾಮ್ಲವನ್ನು ಒಳಗೆ ಕರೆದುಕೊಂಡು ಒಂದು ಅಣು ಮೀಥೇನನ್ನು ಹೊರಗಟ್ಟುವಷ್ಟು! ಹೊಗೆಯೂ ಹೂತಿತು, ಅನಿಲವೂ ದೊರೆಯಿತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ೧೯೯೫ರಿಂದ ಆರು ವರ್ಷ ಈ ಪ್ರಯೋಗ ನಡೆದು ಮೂರು ಲಕ್ಷ ಟನ್ನಿಗೂ ಹೆಚ್ಚು ವಾಯುವನ್ನು ಇಳಿಸಲಾಯಿತು. ಆದರೆ ವಾಯುವನ್ನು ಕುಡಿದ ಕಲ್ಲಿದ್ದಲು ನೆನೆದ ಅವಲಕ್ಕಿಯಂತೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಂಡಿತು. ಇಳಿಸುವ ವೇಗ ತಗ್ಗಿತು. ಇನ್ನೊಂದು ತೊಡಕು ಭಾರತದಂಥ ದೇಶಕ್ಕೆ ದೊಡ್ಡದು: ಹೀಗೆ ತುಂಬಿದ ಕಲ್ಲಿದ್ದಲನ್ನು ಮುಂದೆ ಅಗೆಯುವಂತಿಲ್ಲ. ಅಗೆದರೆ ಹೂತ ವಾಯು ಎದ್ದುಬರುತ್ತದೆ.

ಎದ್ದುಬಂದರೆ ಏನಾದೀತೆಂಬ ಭಯ ನಿರಾಧಾರವಲ್ಲ. ೧೯೮೬ರ ಆಗಸ್ಟ್ ೨೧ರ ರಾತ್ರಿ ಆಫ್ರಿಕದ ಕ್ಯಾಮರೂನಿನಲ್ಲಿ ನ್ಯೋಸ್ ಎಂಬ ಸರೋವರದ ತಳದಲ್ಲಿ ತಾನಾಗಿ ಕೂಡಿದ್ದ ಈ ವಾಯು ಒಮ್ಮೆಗೇ ಉಕ್ಕಿತು. ಗಾಳಿಗಿಂತ ಭಾರವಾದುದರಿಂದ ಅದು ಕಣಿವೆಗಳಲ್ಲಿ ಹರಿದು, ಮಲಗಿದ್ದ ೧,೭೦೦ಕ್ಕೂ ಹೆಚ್ಚು ಮಂದಿಯ ಉಸಿರನ್ನು ನಿಲ್ಲಿಸಿತು. ಬಿಗಿಯಾದ ಶಿಲೆಯಡಿಯ ಸಂಗ್ರಹಕ್ಕೂ ಸರೋವರಕ್ಕೂ ಹೋಲಿಕೆಯಿಲ್ಲವೆಂಬುದು ನಿಜ. ಆದರೂ ಯಾವ ಊರಿನ ಕೆಳಗೆ ಹೂಳುವರೋ ಆ ಊರಿನವರು ಪ್ರಶ್ನೆ ಕೇಳದೆ ಬಿಡಲಾರರು, ಬಿಡಲೂ ಬಾರದು.

ವಾಯುವನ್ನು ಕಲ್ಲಾಗಿಯೇ ಮಾಡಿಬಿಟ್ಟರೆ ಈ ಭಯವಿರುವುದಿಲ್ಲ. ಇಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವುಂಟು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಹುಭಾಗದಲ್ಲಿ ಕರಿಮಣ್ಣಿನ ಕೆಳಗಿರುವುದು ೬.೬ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ, ಬಸಾಲ್ಟ್ ಶಿಲೆ. ಗೋಲಗುಮ್ಮಟವನ್ನು ಕಟ್ಟಿದ್ದು ಈ ಕಪ್ಪುಕಲ್ಲಿನಿಂದಲೇ. ಇದರಲ್ಲಿರುವ ಸುಣ್ಣ, ಮೆಗ್ನೀಸಿಯಂ, ಕಬ್ಬಿಣದ ಅಂಶಗಳು ಅಂಗಾರಾಮ್ಲದೊಡನೆ ಕೂಡಿ ಬಿಳಿಯ ಸುಣ್ಣದ ಹರಳುಗಳಾಗುತ್ತವೆ. ಐಸ್‌ಲೆಂಡಿನಲ್ಲಿ ೨೦೧೨ರಲ್ಲಿ ಸುಮಾರು ೧೭೫ ಟನ್ ವಾಯುವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಗೆ ಬಿಟ್ಟರು. ಸಾವಿರಾರು ವರ್ಷ ಹಿಡಿದೀತೆಂದು ಎಣಿಸಿದ್ದ ಕೆಲಸ ಎರಡು ವರ್ಷದೊಳಗೆ ನಡೆದು, ನೂರಕ್ಕೆ ೯೫ ಭಾಗ ಕಲ್ಲಾಗಿತ್ತು! ೨೦೧೬ರಲ್ಲಿ ಇದು ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು.

ಬೆರಗಿನ ನಡುವೆ ಎರಡು ಲೆಕ್ಕಗಳನ್ನು ಮರೆಯುವಂತಿಲ್ಲ. ಶಕ್ತಿನಗರದ ೨೧೦ ಮೆಗಾವ್ಯಾಟಿನ ಒಂದೇ ಘಟಕ ಪೂರ್ಣವಾಗಿ ನಡೆದರೆ, ಆ ೧೭೫ ಟನ್ನನ್ನು ಗಂಟೆಯೊಂದರಲ್ಲಿ ಉಗುಳಿಬಿಡುತ್ತದೆ. ಎರಡನೆಯದು ನೀರಿನ ಲೆಕ್ಕ. ಐಸ್‌ಲೆಂಡಿನ ಕ್ರಮದಲ್ಲಿ ಒಂದು ಟನ್ ವಾಯುವಿಗೆ ಸುಮಾರು ೨೫ ಟನ್ ನೀರು ಬೇಕು. ಆ ಒಂದು ಘಟಕದ ಒಂದು ಗಂಟೆಯ ಹೊಗೆಗೆ ಹತ್ತು ಸಾವಿರ ಲೀಟರಿನ ಐನೂರು ಟ್ಯಾಂಕರಿಗೆ ಹತ್ತಿರದ ನೀರಾಯಿತು. ೨೦೨೪ರ ಬೇಸಗೆಯಲ್ಲಿ ಒಂದು ಟ್ಯಾಂಕರಿಗಾಗಿ ದಿನವಿಡೀ ಕಾದ ಬೆಂಗಳೂರಿನವರಿಗೆ ಈ ಸಂಖ್ಯೆಯ ಭಾರ ತಿಳಿಯದಿರದು. ಬರವನ್ನು ಉಂಡುಟ್ಟು ಬೆಳೆದ ವಿಜಯಪುರದ ರೈತನಿಗಂತೂ ಹೇಳಬೇಕಾದುದೇ ಇಲ್ಲ. ಅವನ ಬಾವಿಗೆ ನೀರು ಒಸರುವುದೂ ಅದೇ ಬಸಾಲ್ಟಿನ ಬಿರುಕುಗಳಿಂದ.

ನೀರಿಲ್ಲದ ದಾರಿಯೂ ಒಂದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲ್ಲೂಲ ಎಂಬಲ್ಲಿ ೨೦೧೩ರಲ್ಲಿ ಸುಮಾರು ಸಾವಿರ ಟನ್ ವಾಯುವನ್ನು ನೀರು ಬೆರೆಸದೆ, ದ್ರವದಂತೆ ಒತ್ತಿ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದ ತರುವಾಯ ಕೊರೆದು ತೆಗೆದ ಕಲ್ಲಿನ ರಂಧ್ರಗಳಲ್ಲಿ ಹೊಸ ಹರಳುಗಳು ಕೂತಿದ್ದುವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರದು ಮತ್ತೊಂದು ಮಾರ್ಗ. ಹೂಳುವುದಕ್ಕಿಂತ ಅದನ್ನೇ ಮೆಥನಾಲಿನಂಥ ಉಪಯುಕ್ತ ವಸ್ತುವಾಗಿ ಮಾರ್ಪಡಿಸುವುದರತ್ತ ಅವರ ಗಮನ. ೨೦೨೨ರಲ್ಲಿ ಕೇಂದ್ರ ಸರ್ಕಾರ ಈ ವಿದ್ಯೆಗಾಗಿ ದೇಶದಲ್ಲಿ ಆರಿಸಿದ ಎರಡು ಕೇಂದ್ರಗಳಲ್ಲಿ ಇದೂ ಒಂದು. ಯಾವ ಮಾರ್ಗವಾದರೂ ಮೊದಲು ಹೊಗೆಯಿಂದ ವಾಯುವನ್ನು ಬೇರ್ಪಡಿಸಬೇಕು; ಅದಕ್ಕೇ ಸ್ಥಾವರ ತಾನು ಉತ್ಪಾದಿಸಿದ ಶಕ್ತಿಯಲ್ಲಿ ಐದನೆಯ ಒಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ತೆರಬೇಕಾಗುತ್ತದೆ. ಆ ಖರ್ಚು ಕೊನೆಗೆ ಮನೆಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳದೆ ಇರದು.

ಶಕ್ತಿನಗರದ ಅಡಿಯಲ್ಲಿರುವುದು ಇಟ್ಟಮಡುವಿನಲ್ಲಿರುವಂತೆಯೇ ಗ್ರಾನೈಟ್ ಮತ್ತು ನೈಸ್ ಜಾತಿಯ ಕಲ್ಲು. ಅಲ್ಲಿಂದ ಬಸಾಲ್ಟಿನ ಸೀಮೆಗೆ ಕೊಳವೆ ಹಾಯಿಸಬೇಕು. ೨,೪೦೦ ಮೆಗಾವ್ಯಾಟಿನ ಕೂಡಗಿ ಸ್ಥಾವರ ಮಾತ್ರ ವಿಜಯಪುರ ಜಿಲ್ಲೆಯಲ್ಲಿ, ಆ ಕಪ್ಪುಕಲ್ಲಿನ ನಾಡಿನ ಅಂಚಿನಲ್ಲಿಯೇ ನಿಂತಿದೆ. ಅದರ ನೀರು ಆಲಮಟ್ಟಿಯಿಂದ ಬರುತ್ತದೆ, ಸುತ್ತಲಿನ ಹೊಲಗಳು ಕಾಲುವೆಯ ನೀರಿಗಾಗಿ ಕಾಯುವ ಅದೇ ಜಲಾಶಯದಿಂದ.