ಮೊಳಕೆಗೆ ಲವಂಗದೆಣ್ಣೆ: ಅಡುಗೆಮನೆಯಲ್ಲಿ ಗೆದ್ದೆ, ಕೊಟ್ಟಿಗೆಯಲ್ಲಿ ಸೋತೆ

ಅಪ್ಪ ನನ್ನ ಮೇಲೆ ಗಟ್ಟಿಯಾಗಿ ರೇಗಿದ್ದು ನನಗೆ ನೆನಪಿರೋ ಹಾಗೆ ಎರಡೇ ಸಲ. ಮೊದಲನೇದು ಪಿಯುಸಿಯಲ್ಲಿ, ಹಾಸ್ಟೆಲ್‌ನಿಂದ ಹೇಳದೆ ಕೇಳದೆ ಮೈಸೂರು ಸುತ್ತೋಕೆ ಹೋಗಿದ್ದಕ್ಕೆ. ಎರಡನೇದು ಕಳೆದ ಮೇ ತಿಂಗಳಲ್ಲಿ, ಹೆಬ್ಬೆರಳಷ್ಟು ಉದ್ದದ ಒಂದು ಲವಂಗದೆಣ್ಣೆ ಬಾಟಲಿಗೆ.

ಕತೆ ಶುರುವಾಗಿದ್ದು ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ. ಇರೋದು ಇಬ್ಬರೇ, ನಾನು ಮತ್ತು ನನ್ನ ರೂಮ್‌ಮೇಟ್. ಆಫರ್ ಇದೆ ಅಂತ ಆ್ಯಪ್‌ನಲ್ಲಿ ಐದು ಕೆಜಿ ಆಲೂಗಡ್ಡೆ ತರಿಸೋದು, ವಾರದಲ್ಲಿ ನಾಲ್ಕು ದಿನ ಆಫೀಸ್ ಕ್ಯಾಂಟೀನಲ್ಲೇ ಉಣ್ಣೋದು. ಮೂರನೇ ವಾರ ಸಿಂಕ್ ಕೆಳಗಿನ ಬುಟ್ಟಿ ಎಳೆದರೆ ಬಿಳಿ ಬಿಳಿ ಮೊಳಕೆಗಳು ಕೈ ಚಾಚಿಕೊಂಡು ಕಾಯ್ತಾ ಇರ್ತವೆ. ನಿಮ್ಮ ಮನೆಯಲ್ಲೂ ಇದೇ ಕತೆ ಇರಬಹುದು.

ಆಲೂಗಡ್ಡೆ ಬೇರಲ್ಲ, ಮಣ್ಣೊಳಗೆ ಊದಿಕೊಂಡ ಕಾಂಡ. ಅದರ ಮೇಲಿನ ಒಂದೊಂದು ಕಣ್ಣೂ ಒಂದೊಂದು ಮೊಗ್ಗು. ಕಿತ್ತ ಮೇಲೆ ಕೆಲವು ವಾರ ಅದು ನಿದ್ದೆ ಮಾಡುತ್ತೆ. ಎಷ್ಟು ವಾರ ಅನ್ನೋದು ತಳಿಯ ಮೇಲೆ, ಇಟ್ಟ ಜಾಗದ ಮೇಲೆ ನಿಂತಿದೆ. ಸೆಖೆ ಇದ್ದರೆ ಬೇಗ ಎಚ್ಚರ. ಏಪ್ರಿಲ್‌ನ ಬೆಂಗಳೂರು ಅಂದ್ರೆ ಅದಕ್ಕೆ ಅಲಾರಂ ಹೊಡೆದ ಹಾಗೆ. ಫ್ರಿಜ್‌ನಲ್ಲಿಟ್ಟರೆ ಮೊಳಕೆಯೇನೋ ತಡ ಆಗುತ್ತೆ, ಆದರೆ ಚಳಿಗೆ ಒಳಗಿನ ಪಿಷ್ಟ ಸಕ್ಕರೆಯಾಗಿ ತಿರುಗುತ್ತೆ. ಫ್ರೈ ಮಾಡಿದ್ರೆ ಬೇಯೋಕೆ ಮುಂಚೆ ಕಂದಾಗಿಬಿಡುತ್ತೆ, ಬಾಯಿಗೆ ಸಿಹಿ ಸಿಹಿ. ಚಿಪ್ಸ್ ಕಂಪನಿಗಳು 2–4 ಡಿಗ್ರಿಯ ಮಾಮೂಲಿ ಕೋಲ್ಡ್ ಸ್ಟೋರೇಜ್ ಬಿಟ್ಟು 10–12 ಡಿಗ್ರಿಯಲ್ಲಿ ಆಲೂಗಡ್ಡೆ ಇಡೋದು ಇದಕ್ಕೇ. ಆದರೆ ಆ ಬಿಸಿಗೆ ಮೊಳಕೆ ಬರುತ್ತಲ್ಲ? ಅದಕ್ಕೆ ಸಿಐಪಿಸಿ ಅನ್ನೋ ರಾಸಾಯನಿಕವನ್ನು ಹೊಗೆ ಮಾಡಿ ಬಿಡ್ತಾರೆ.

ಎಣ್ಣೆಗಳಿಗೆ ಈಗ ಇಷ್ಟು ಬೆಲೆ ಬಂದದ್ದೂ ಈ ಸಿಐಪಿಸಿಯಿಂದಲೇ. ಆರೋಗ್ಯದ ಆತಂಕದ ಮೇಲೆ ಯುರೋಪಿಯನ್ ಒಕ್ಕೂಟ 2019ರಲ್ಲಿ ಅದರ ಪರವಾನಗಿ ನವೀಕರಿಸಲಿಲ್ಲ. 2020ರ ಅಕ್ಟೋಬರ್ ಹೊತ್ತಿಗೆ ಬಳಕೆ ಪೂರ್ತಿ ನಿಂತಿತು. ಅಲ್ಲಿನ ಗೋದಾಮುಗಳು ಸ್ಪಿಯರ್‌ಮಿಂಟ್ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ ಕಡೆ ತಿರುಗಿದವು. ನೆದರ್ಲೆಂಡ್ಸ್‌ನಲ್ಲಿ ಕ್ಯಾರವೇ ಬೀಜದಿಂದ ತೆಗೆದ ಕಾರ್ವೋನ್ 1990ರ ದಶಕದಲ್ಲೇ ಬಳಕೆಗೆ ಬಂದಿತ್ತು. ಸ್ಪಿಯರ್‌ಮಿಂಟ್‌ನಲ್ಲಿರೋದೂ ಕಾರ್ವೋನೇ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಅಷ್ಟೆ. ಅಷ್ಟು ವ್ಯತ್ಯಾಸಕ್ಕೇ ಒಂದು ಪುದೀನ ಥರ ಘಮ್ಮೆನ್ನುತ್ತೆ, ಇನ್ನೊಂದು ಮಸಾಲೆ ಥರ! ನಮ್ಮ ಸಬ್ಬಸಿಗೆಯ ಬೀಜದಲ್ಲೂ ಇದೇ ಕಾರ್ವೋನ್ ಇದೆ.

ಇದನ್ನೆಲ್ಲ ಹೊಸದಾಗಿ ಕಂಡುಹಿಡಿದದ್ದು ಅಂದುಕೊಳ್ಳಬೇಡಿ. ಆಲೂಗಡ್ಡೆಯ ತವರು ಆ್ಯಂಡಿಸ್ ಬೆಟ್ಟಗಳು. ಅಲ್ಲಿನ ರೈತರು ಮೂನ್ಯಾ ಅನ್ನೋ ಪುದೀನ ಜಾತಿಯ ಗಿಡದ ಸೊಪ್ಪನ್ನು ಗೆಡ್ಡೆಗಳ ನಡುವೆ ಹಾಸಿಡೋ ರೂಢಿ ಬಹಳ ಹಳೇದು.

ಇಷ್ಟು ಓದಿದ ಮೇಲೆ ಸುಮ್ಮನಿರೋಕಾಗುತ್ತಾ? ಪುದೀನ ಎಣ್ಣೆ ಆರ್ಡರ್ ಮಾಡಿದೆ. ಬಂದದ್ದು ಪೆಪ್ಪರ್‌ಮಿಂಟ್. ಲೇಬಲ್ ಸರಿಯಾಗಿ ಓದದಿದ್ದದ್ದು ನನ್ನದೇ ತಪ್ಪು. ಪೆಪ್ಪರ್‌ಮಿಂಟ್‌ನಲ್ಲಿ ಮುಖ್ಯವಾಗಿ ಇರೋದು ಮೆಂಥಾಲ್. ಅದು ಈಗ ನೆಗಡಿಗೆ ಉಪಯೋಗವಾಗ್ತಿದೆ. ಕೊನೆಗೆ ಹಲ್ಲುನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಸಿಗೋ ಲವಂಗದೆಣ್ಣೆ ತಂದೆ. ಅಮೆರಿಕದಲ್ಲಿ ಸಾವಯವ ಆಲೂಗಡ್ಡೆ ದಾಸ್ತಾನಿಗೆ ಇದನ್ನು ಬಳಸೋದುಂಟು. ಇದರ ಕೆಲಸಗಾರ ಯೂಜಿನಾಲ್.

ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬರೀ ಆಲೂಗಡ್ಡೆ. ಇನ್ನೊಂದರಲ್ಲಿ ಆಲೂಗಡ್ಡೆ ಜೊತೆ ಪುಟ್ಟ ಬಟ್ಟಲಲ್ಲಿ ಐದಾರು ಹನಿ ಎಣ್ಣೆ ಹಾಕಿದ ಹತ್ತಿ. ಮೂರನೇದು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ, ಅದರಲ್ಲೂ ಹತ್ತಿ. ಮೂರು ವಾರಕ್ಕೆ ಮೊದಲ ಪೆಟ್ಟಿಗೆಯಲ್ಲಿ ಮೊಳಕೆ ಬೆರಳುದ್ದ. ಎರಡನೇದರಲ್ಲಿ ಮೊಳಕೆ ಇಣುಕಿತ್ತು, ತುದಿ ಕಪ್ಪಾಗಿ ಸುಟ್ಟಹಾಗೆ ನಿಂತಿತ್ತು. ಸ್ಟೀಲ್ ಡಬ್ಬದಲ್ಲಿ ಮೊಳಕೆಯೇ ಇಲ್ಲ, ಆದರೆ ಒಂದು ಗೆಡ್ಡೆ ಕೊಳೆತು ನೀರು ಬಿಟ್ಟಿತ್ತು.

ಅಸಲಿ ಸಮಸ್ಯೆ ಇದೇ. ಎಣ್ಣೆ ಆವಿಯಾಗಿ ಮೊಳಕೆಗೆ ತಾಗಬೇಕಾದ್ರೆ ಜಾಗ ಮುಚ್ಚಿರಬೇಕು. ಗೆಡ್ಡೆಗೆ ಜೀವ ಇದೆ, ಉಸಿರಾಡುತ್ತೆ, ಬೆವರುತ್ತೆ. ಅದಕ್ಕೆ ಗಾಳಿ ಬೇಕು. ದೊಡ್ಡ ಗೋದಾಮುಗಳಲ್ಲಿ ಫ್ಯಾನ್, ಹೊಗೆಯಂತ್ರ ಇಟ್ಟುಕೊಂಡು ಎರಡನ್ನೂ ಸಂಭಾಳಿಸ್ತಾರೆ. ನಮ್ಮ ಹತ್ತಿರ ಇರೋದು ರಟ್ಟಿನ ಪೆಟ್ಟಿಗೆ. ಮೇಲಾಗಿ ಈ ಎಣ್ಣೆಗಳು ಗೆಡ್ಡೆಯನ್ನು ಮಲಗಿಸೋದಿಲ್ಲ, ಎದ್ದ ಮೊಳಕೆಯ ತುದಿಯನ್ನು ಸುಡುತ್ತವೆ. ಆವಿ ಹೋದ ಮೇಲೆ ಪಕ್ಕದ ಮೊಗ್ಗು ಏಳುತ್ತೆ. ಹಾಗಾಗಿ ಮತ್ತೆ ಮತ್ತೆ ಹಾಕ್ತಾನೇ ಇರಬೇಕು. ನಾನೇ ಒಂದು ವಾರ ಮರೆತಾಗ ಎರಡನೇ ಪೆಟ್ಟಿಗೆಯಲ್ಲಿ ಕಪ್ಪು ತುದಿಯ ಬುಡದಿಂದ ಹೊಸ ಚಿಗುರು ಬಂದಿತ್ತು. ಪಲ್ಯದಲ್ಲಿ ಲವಂಗದ ವಾಸನೆ ಬರುತ್ತೆ ಅಂತ ರೂಮ್‌ಮೇಟ್ ಗೊಣಗಿದಳು. ಸಿಪ್ಪೆ ತೆಗೆದು ಮಾಡಿದ ಮೇಲೆ ಅವಳ ದೂರು ನಿಂತಿತು.

ಆದರೂ ಗೆದ್ದೆ ಅನ್ನಿಸಿತ್ತು. ಆ ಜೋಶಲ್ಲಿ ಬಾಟಲಿ ಸಮೇತ ಊರಿಗೆ ಹೋದೆ.

ನಮ್ಮದು ಹಾಸನದ ಕಡೆ. ಆಲೂಗೆಡ್ಡೆಗೇ ಹೆಸರಾದ ಜಿಲ್ಲೆ, ಆದರೆ ಅಂಗಮಾರಿ ರೋಗ ಹೊಡೆದ ಮೇಲೆ ಬಿಟ್ಟವರು ಎಷ್ಟೋ ಜನ. ಜೋಳ ಹಾಕಿದರು, ಶುಂಠಿ ಹಿಡಿದರು. ನಮ್ಮಪ್ಪನೂ ನಾನು ಚಿಕ್ಕವಳಿದ್ದಾಗಲೇ ಬಿಟ್ಟಿದ್ದರು. ಈ ವರ್ಷ ಒಂದು ಎಕರೆಗೆ ಮತ್ತೆ ಧೈರ್ಯ ಮಾಡಿದ್ದರು, ಸಾಲ ಮಾಡಿ. ನನಗೆ ಫೋನಲ್ಲಿ ಹೇಳಿದ್ದರಂತೆ. ಮೀಟಿಂಗ್ ಮಧ್ಯೆ ‘ಹೂಂ ಹೂಂ’ ಅಂದಿರಬೇಕು ನಾನು.

ಕೊಟ್ಟಿಗೆಯ ಪಕ್ಕ, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಕ್ರೇಟ್‌ಗಳಲ್ಲಿ ಆಲೂಗೆಡ್ಡೆ ಹರಡಿಟ್ಟಿದ್ದರು. ಎಲ್ಲದರಲ್ಲೂ ಗಿಡ್ಡ ಗಿಡ್ಡ, ನೇರಳೆ ಬಣ್ಣದ ಮೊಳಕೆ. ಅಯ್ಯೋ, ಮಾರದೆ ಉಳಿದು ಹಾಳಾಗ್ತಿದೆ ಅಂದುಕೊಂಡೆ. ಸರ್‌ಪ್ರೈಸ್ ಕೊಡೋಣ ಅಂತ ಶನಿವಾರ ಒಂದು ಕ್ರೇಟ್‌ಗೆ ಎಣ್ಣೆ ಹತ್ತಿ ಇಟ್ಟು, ಸಾಲದ್ದಕ್ಕೆ ಮೊಳಕೆಗಳಿಗೆ ನೇರವಾಗಿ ಒರೆಸಿ, ಗೋಣಿಚೀಲ ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಅಪ್ಪನ ಕೂಗು. “ಬಿತ್ತನೆಗಡ್ಡೆ ಕಣವ್ವಾ ಅದು! ಮೊಳ್ಕೆ ಬರ್ಲಿ ಅಂತ ಹದಿನೈದು ದಿನದಿಂದ ಕಾಯ್ತಾ ಕೂತಿವ್ನಿ, ನೀನು ಸುಟ್ಟಾಕ್ದಲ್ಲ!”

ಪಂಜಾಬಿನಿಂದ ಬಂದ ಬೀಜ ಅದು. ಮುಂಗಾರು ಹಿಡಿಯೋಕೆ ಮುಂಚೆ ಕೊಯ್ದು ನೆಡೋದು. ಗೋದಾಮಿನಲ್ಲಿ ಯಾವ ಮೊಳಕೆಗೆ ಶತ್ರು ಅಂತ ಕೋಟಿಗಟ್ಟಲೆ ಸುರೀತಾರೋ, ಹೊಲದಲ್ಲಿ ಅದೇ ಮೊಳಕೆ ಬೆಳೆ. ಪುಣ್ಯಕ್ಕೆ ಒಂದೇ ಕ್ರೇಟ್. ಅಮ್ಮ ಮಾತೇ ಆಡಲಿಲ್ಲ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಬೀಜದ ದುಡ್ಡು ಕೊಡ್ತೀನಿ ಅಂದೆ. ಅಪ್ಪ “ದುಡ್ಡು ಕೊಟ್ರೆ ಈಗ ಬೀಜ ಎಲ್ಲಿ ಸಿಗ್ತದೆ” ಅಂದು ಕ್ರೇಟ್ ಎತ್ತಿಕೊಂಡು ಹೊರಗೆ ಗಾಳಿಗೆ ಇಟ್ಟರು. ಬಿಸಾಡಲಿಲ್ಲ. ಕೊನೆಯ ಸಾಲುಗಳಲ್ಲಿ ಅದನ್ನೂ ನೆಟ್ಟರು.

ಬೆಂಗಳೂರಿಗೆ ಬಂದ ಮೇಲೆ ನನ್ನ ಆಲೂಗಡ್ಡೆ ಪದ್ಧತಿ ಬದಲಾಯಿತು. ಈಗ ಒಂದು ಸಲಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚು ತರೋದಿಲ್ಲ. ಪ್ಲಾಸ್ಟಿಕ್ ಕವರಿನಿಂದ ತೆಗೆದು, ತೂತಿರೋ ಕಾಗದದ ಚೀಲದಲ್ಲಿ, ಸ್ಟವ್‌ನಿಂದ ದೂರ, ಕತ್ತಲಲ್ಲಿ ಇಡ್ತೀನಿ. ಕತ್ತಲು ಮುಖ್ಯ, ಬೆಳಕು ಬಿದ್ದು ಹಸಿರಾಗೋದನ್ನು ಯಾವ ಎಣ್ಣೆಯೂ ತಡೆಯಲ್ಲ. ಹಸಿರಾದ ಸಿಪ್ಪೆಯಲ್ಲಿ, ಮೊಳಕೆಯಲ್ಲಿ ಸೋಲನೈನ್ ಜಾಸ್ತಿ, ಅದು ಬೇಯಿಸಿದರೂ ಹೋಗಲ್ಲ. ಪುಟ್ಟ ಮೊಳಕೆ, ಗಟ್ಟಿ ಗೆಡ್ಡೆ ಆದ್ರೆ ಕಣ್ಣು ಆಳವಾಗಿ ಕೆತ್ತಿ ಬಳಸ್ತೀನಿ. ಸುಕ್ಕಾಗಿದ್ದರೆ, ಕಹಿ ಇದ್ದರೆ ಕಸಕ್ಕೆ. ಊರಿಗೆ ಹೋಗೋ ಮುಂಚೆ ಜಾಸ್ತಿ ಉಳಿದಿದ್ದರೆ ಮಾತ್ರ ಲವಂಗದ ಹತ್ತಿ, ಅದೂ ಗೆಡ್ಡೆಗೆ ತಾಗದ ಹಾಗೆ. ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಅದೂ ಬೇಡ. ಲವಂಗದೆಣ್ಣೆ ಹೊಟ್ಟೆಗೆ ಹೋದರೆ ಅಪಾಯ.

ಜೂನ್ ಕೊನೆಗೆ ಅಪ್ಪ ಫೋಟೋ ಕಳಿಸಿದರು. ಕೊನೆಯ ಸಾಲುಗಳು ಉಳಿದವಕ್ಕಿಂತ ತಡವಾಗಿ ಬಂದಿದ್ದವು, ಅಲ್ಲಲ್ಲಿ ಖಾಲಿ. ಬಂದ ಕಡೆ ಒಂದೊಂದು ಬುಡಕ್ಕೆ ಮೂರು ನಾಲ್ಕು ತೆಳ್ಳನೆ ಕಾಂಡ. ಸುಟ್ಟ ತುದಿಯ ಪಕ್ಕದ ಮೊಗ್ಗುಗಳು ಎದ್ದಿದ್ದವು, ನನ್ನ ಎರಡನೇ ಪೆಟ್ಟಿಗೆಯ ಹಾಗೇ.

ಸೆಪ್ಟೆಂಬರಲ್ಲಿ ಊರಿನ ಬಸ್ಸಲ್ಲಿ ಒಂದು ಚೀಲ ಬಂತು. ಎಲ್ಲ ನಿಂಬೆಹಣ್ಣಿನ ಗಾತ್ರದ ಗೆಡ್ಡೆ. “ನಿನ್ ಸಾಲಿಂದು ಕಣವ್ವಾ, ಮಂಡಿಯೋರು ತಗಳಲ್ಲ, ನೀನೇ ತಿನ್ನು” ಅಂತ ಅಪ್ಪ ಫೋನಲ್ಲಿ ನಕ್ಕರು. ಹುರಿದ ಪಲ್ಯಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. ಹೊಸ ಗೆಡ್ಡೆ, ಖಾಲಿಯಾಗೋವರೆಗೂ ನಿದ್ದೆಯಲ್ಲೇ ಇದ್ದವು. ಬಾಟಲಿ ತೆಗೆಯಲೇ ಇಲ್ಲ.